ದೊಡ್ಡ ಮೈಯವರ ಮನೆಯ ರಕ್ತ

ತಮ್ಮ ತೀರಿಕೊಂಡ ಸುದ್ದಿ ಬಂದ ದಿನ ಶಂಕ್ರಪ್ಪನ ಹೊಲದಲ್ಲಿ ಗೋವಿನಜೋಳದ ರಾಶಿ ನಡೆದಿತ್ತು. ಕಾಳು ಬಿಡಿಸುವ ಯಂತ್ರದ ಸದ್ದಿಗೆ ಪಕ್ಕದವನ ಮಾತೂ ಕೇಳುತ್ತಿರಲಿಲ್ಲ. ಅಂಗಿಯ ಕಿಸೆಯಲ್ಲಿದ್ದ ಫೋನು ಹಲವು ಸಲ ಅಲುಗಾಡಿತು. ಯಂತ್ರದ ನಡುಕವೇ ಮೈಗೆ ಹತ್ತಿದೆ ಎಂದು ಶಂಕ್ರಪ್ಪ ತಿಳಿದುಕೊಂಡ.

ಅಷ್ಟರಲ್ಲಿ ಹನಮಪ್ಪ ಬದುವಿನ ಮೇಲೆ ಓಡಿಕೊಂಡು ಬಂದ. ಶಾಲೆಯ ದಿನಗಳಿಂದಲೂ ಶಂಕ್ರಪ್ಪನ ಗೆಳೆಯ. ಬಸ್ಸಿನಲ್ಲಿ ಕಂಡಕ್ಟರನಾಗಿ ದುಡಿದು ಈಗ ತಮ್ಮೂರು ಬಮ್ಮಿಗಟ್ಟಿಯಲ್ಲೇ ತುಂಡು ಹೊಲ ನೋಡಿಕೊಂಡಿರುವವನು. ಒಣ ಕಡ್ಡಿಯಂಥ ಆಳು. ಓಡುವುದು ಅವನ ಪದ್ಧತಿಯಲ್ಲ. ಬಂದವನೇ ಕೈಮಾಡಿ ಯಂತ್ರ ನಿಲ್ಲಿಸಿದ.

"ಯಾಕಲೇ, ಏನಾತು?" ಅಂದ ಶಂಕ್ರಪ್ಪ.

"ನೀ ಫೋನ್ ಎತ್ತಲಿಲ್ಲಂತ. ಕಾಶಿನಾಥ ನನಗ ಮಾಡಿದ್ದ." ಹನಮಪ್ಪ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. "ಈರಬಸಪ್ಪ ಇಲ್ಲೋ ಶಂಕ್ರಪ್ಪಾ."

"ಇಲ್ಲಂದ್ರ? ದವಾಖಾನಿಯಿಂದ ಬಿಟ್ಟರೇನು?"

ತೆನೆಯ ಬುಟ್ಟಿ ಹೊತ್ತು ನಿಂತಿದ್ದ ಹೆಣ್ಣುಮಗಳು ಬುಟ್ಟಿ ಕೆಳಗಿಳಿಸಿ ಬಾಯಿಗೆ ಸೆರಗು ಹಚ್ಚಿಕೊಂಡಳು. ಆಗ ಶಂಕ್ರಪ್ಪನಿಗೆ ತಿಳಿಯಿತು.

ಕಾಲಿಗೆ ಮುಳ್ಳು ನೆಟ್ಟ ಗಾಯ ಮಾಯುತ್ತಿಲ್ಲ, ತೋರಿಸಿಕೊಂಡು ಬರುತ್ತೇನೆ ಎಂದು ಮಗ ಕಾಶಿನಾಥನ ಬೈಕಿನ ಹಿಂದೆ ಕುಳಿತು ಹೋಗಿದ್ದ ಈರಬಸಪ್ಪ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನೋಡಿದಾಗ ರಕ್ತದಲ್ಲಿ ಸಕ್ಕರೆ ಎಷ್ಟೋ ಕಾಲದಿಂದ ಏರಿ ಕುಳಿತಿತ್ತು. ಗಾಯದ ನಂಜು ರಕ್ತಕ್ಕೆ ಇಳಿದಿತ್ತು. ವೈದ್ಯರು ಕೈಲಾದದ್ದನ್ನು ಮಾಡಿದರು. ಮುಳ್ಳು ತುಳಿದು ಮನುಷ್ಯ ಸಾಯುತ್ತಾನೆಯೇ ಎಂದು ಶಂಕ್ರಪ್ಪ ಆ ದಿನವೆಲ್ಲ ಕಂಡಕಂಡವರನ್ನು ಕೇಳಿದ. ಕೇಳಿದವರು ಅವನ ಭುಜ ಹಿಡಿದರು, ಅಷ್ಟೇ.

ಸಂಜೆ ಭಜನೆಯವರು ಮುಂದೆ, ಹೆಗಲ ಮೇಲೆ ಹೆಣ ಕೂಡ್ರಿಸಿದ ವಿಮಾನ ಹಿಂದೆ, ಮೆರವಣಿಗೆ ರುದ್ರಭೂಮಿಗೆ ಹೋಯಿತು. ಅಲ್ಲಿ ಗುಡದಪ್ಪ ತನ್ನ ಜೊತೆಯವರೊಂದಿಗೆ ಕುಣಿ ಅಗೆದು ಇಟ್ಟಿದ್ದ. ಲಿಂಗವಂತರಲ್ಲಿ ಹೋದವರನ್ನು ಕುಣಿಯೊಳಗೆ ಕೂಡ್ರಿಸುತ್ತಾರೆ. ಆಳಿಗೆ ತಕ್ಕಷ್ಟು ಕುಣಿ ಬೇಕು.

"ಅಣ್ಣಾರ ಮೈ ನಮಗ ಗೊತ್ತಿಲ್ಲೇನ್ರಿ? ಹೇಳಸ್ಕೊಳ್ಳದ ಒಂದ ಗೇಣು ಅಗಲ ತಗದೇನಿ," ಅಂದ ಗುಡದಪ್ಪ.

ಈರಬಸಪ್ಪನನ್ನು ಒಳಗೆ ಕೂಡ್ರಿಸಿದರು. ಎರಡೂ ಬದಿಗೆ ಬಯಲು ಉಳಿಯಿತು. ಅಯ್ಯನವರು ವಿಭೂತಿ ಗಟ್ಟಿ ಇಟ್ಟರು, ಬಿಲ್ವಪತ್ರೆ ಇಟ್ಟರು. ಆದರೂ ತಮ್ಮ ಅಷ್ಟು ದೊಡ್ಡ ಕುಣಿಯಲ್ಲಿ ಸಣ್ಣ ಹುಡುಗನ ಹಾಗೆ ಒಂದು ಕಡೆಗೆ ವಾಲುತ್ತಿದ್ದ. ಗುಡದಪ್ಪ ತಲೆ ತಗ್ಗಿಸಿ, "ತಪ್ಪಾತ್ರಿ ಯಪ್ಪಾ, ಇಷ್ಟ ಇಳದಾರ ಅಂತ ನನಗ ತಿಳೀಲಿಲ್ಲ," ಅಂದ.

ತಿಳಿಯದೆ ಹೋದದ್ದು ಗುಡದಪ್ಪನಿಗೆ ಮಾತ್ರವೇ? ಒಂದೇ ಅಂಗಳದಲ್ಲಿ ಎದುರುಬದುರು ಮನೆಯಲ್ಲಿದ್ದ ಶಂಕ್ರಪ್ಪನಿಗೂ ತಿಳಿದಿರಲಿಲ್ಲ. ಅಥವಾ ತಿಳಿದಿತ್ತು, ಬೇರೆ ಹೆಸರಿನಿಂದ ತಿಳಿದಿತ್ತು.

ಊರಲ್ಲಿ ಅವರ ಮನೆಗೆ ದೊಡ್ಡ ಮೈಯವರ ಮನೆ ಎಂದೇ ಹೆಸರು. ಅಜ್ಜ ಹಾಗೇ ಇದ್ದ, ಅಪ್ಪ ಹಾಗೇ ಇದ್ದ, ಸೋದರತ್ತೆಯರೂ ಹಾಗೇ. ಈರಬಸಪ್ಪನಂತೂ ಬಸ್ಸು ಹತ್ತಿದರೆ ಹನಮಪ್ಪ, "ಒಂದ ಟಿಕೀಟಿಗೆ ಎರಡ ಸೀಟ ಹಿಡದೀಯಲ್ಲೋ, ನನ್ನ ನೌಕರಿ ತಗೀತಿ ನೀ," ಎಂದು ಎಲ್ಲರ ಮುಂದೆ ನಗಿಸುತ್ತಿದ್ದ. ಈರಬಸಪ್ಪನೂ ನಗುತ್ತಿದ್ದ. ಮನೆಗೆ ಬಂದು ಊಟ ಬಿಡುತ್ತಿದ್ದ. ಸೋಮವಾರ ಉಪವಾಸ, ಉಳಿದ ದಿನ ಒಪ್ಪೊತ್ತು. ಆದರೂ ಮೈ ಕರಗುತ್ತಿರಲಿಲ್ಲ. ಎರಡು ಹೊತ್ತು ರೊಟ್ಟಿ, ಮೇಲೆ ಅನ್ನ, ನಡುವೆ ಚುರುಮುರಿ ತಿನ್ನುವ ಹನಮಪ್ಪನ ಮೈಗೆ ಏನೂ ಹತ್ತುತ್ತಿರಲಿಲ್ಲ.

ಪ್ರತಿ ಶ್ರಾವಣದಲ್ಲಿ ಈರಬಸಪ್ಪ ಮಠದಲ್ಲಿ ಬೆಲ್ಲದ ತುಲಾಭಾರ ಮಾಡಿಸುತ್ತಿದ್ದ. ಅದು ಅವರ ತಾಯಿ ಹೊತ್ತ ಹರಕೆ. ಹೋದ ಶ್ರಾವಣದಲ್ಲಿ ತಕ್ಕಡಿಯ ಆಚೆ ತಟ್ಟೆಯಲ್ಲಿ ಬೆಲ್ಲದ ಪೆಂಟಿ ಎಂದಿಗಿಂತ ಕಡಿಮೆ ಹಿಡಿದವು. ಪೆಂಟಿಗಳು ಮಿಕ್ಕವು. ನೆರೆದವರು ಕೈ ಮುಗಿದರು. ಸ್ವಾಮಿ ಕಣ್ಣು ತೆರೆದ, ಈರಬಸಪ್ಪನ ಮೈ ಇಳಿಯಿತು ಎಂದರು. ಶಂಕ್ರಪ್ಪನೂ ಅಂದಿದ್ದ. ಮಿಕ್ಕ ಬೆಲ್ಲದಲ್ಲಿ ಹುಗ್ಗಿ ಮಾಡಿ ಓಣಿಗೆಲ್ಲ ಉಣ್ಣಿಸಿದ್ದರು.

ಈಗ ಜನ ಹೇಳುವುದು ಬೇರೆ. "ಅಷ್ಟ ಮೈ ಇದ್ದರ ಮತ್ತೇನಾಕ್ಕೈತ್ರಿ," ಎನ್ನುತ್ತಾರೆ. ಶಂಕ್ರಪ್ಪ ಲಿಂಗಪೂಜೆಗೆ ಕುಳಿತರೆ ಅಂಗೈಯ ಮೇಲಿನ ಲಿಂಗದಲ್ಲಿ ದೃಷ್ಟಿ ನಿಲ್ಲುತ್ತಿರಲಿಲ್ಲ. ಮೈ ಇದ್ದದ್ದಕ್ಕೆ ಹೋದನೆನ್ನುವುದಾದರೆ, ಮೈ ಇಳಿದ ಮೇಲೆ ಯಾಕೆ ಹೋದ? ಊಟದ ತಪ್ಪು ಎನ್ನುವುದಾದರೆ, ಊಟ ಬಿಟ್ಟವನು ಅವನೇ ಅಲ್ಲವೇ? ವಂಶದ ತಪ್ಪು ಎನ್ನುವುದಾದರೆ, ಅದೇ ವಂಶದ ನಾನು ಯಾಕೆ ಉಳಿದೆ? ಅಯ್ಯನವರನ್ನು ಕೇಳಿದ. "ಶಿವನ ಇಚ್ಛೆ," ಎಂದರು ಅವರು. ಅದನ್ನು ಶಂಕ್ರಪ್ಪ ಒಪ್ಪಿದ. ಒಪ್ಪಿದ ಮೇಲೂ ಪ್ರಶ್ನೆ ಇದ್ದಲ್ಲೇ ಇತ್ತು.

ತಿಂಗಳು ತುಂಬುವುದರೊಳಗೆ ಒಂದು ಬೆಳಗ್ಗೆ ಊರಿಗೆ ಆಟೋ ಬಂತು. ಮೈಕಿನಲ್ಲಿ ಹೇಳುತ್ತ ಹೋದರು: ಮೈಯ ರೋಗ ತಡೆಯುವ ಶಕ್ತಿಗೂ ತೂಕಕ್ಕೂ ಹುಟ್ಟಿನಿಂದ ಏನಾದರೂ ನಂಟು ಇದೆಯೇ ಎಂದು ತಿಳಿಯಲು ಒಂದು ಅಧ್ಯಯನ ನಡೆದಿದೆ, ಅದಕ್ಕಾಗಿ ಹಲವು ಊರುಗಳಲ್ಲಿ ಸಾವಿರಾರು ಜನರ ತೂಕ, ಸೊಂಟದ ಅಳತೆ, ಸ್ವಲ್ಪ ರಕ್ತ ತೆಗೆದುಕೊಳ್ಳುತ್ತಾರೆ, ದಪ್ಪಗಿದ್ದವರೂ ಬರಬೇಕು, ತೆಳ್ಳಗಿದ್ದವರೂ ಬರಬೇಕು, ಮನಸ್ಸಿದ್ದವರು ಮಾತ್ರ ಬರಬೇಕು.

ಆಟೋ ಓಣಿ ದಾಟಿತೋ ಇಲ್ಲವೋ, ಈರಬಸಪ್ಪನ ಹೆಂಡತಿ ಮಲ್ಲಕ್ಕ ಅಂಗಳಕ್ಕೆ ಬಂದಳು.

"ಭಾವಾರ, ನಮ್ಮ ಮನಿಯಿಂದ ಯಾರೂ ಹೋಗೂದ ಬ್ಯಾಡ್ರಿ."

"ಯಾಕವಾ?"

"ಮಂದಿ ಏನಂತಾರ ಕೇಳೀರೇನು? ದೊಡ್ಡ ಮೈಯವರ ರಕ್ತದಾಗ ಖೋಡಿ ಐತಿ ಅಂತ ಬರಕೊಂಡ ಹೋಗ್ತಾರಂತ. ಮುಂದ ಈ ಮನಿಗೆ ಕನ್ಯಾ ಯಾರ ಕೊಡ್ತಾರ? ಮಿಶ್ರಿಕೋಟಿಯವರು ಐತವಾರ ಹುಡುಗನ್ನ ನೋಡಾಕ ಬರಾಕತ್ಯಾರ. ಹೋದ ವರ್ಷ ಅವರ ಕಡೆಯವರ, ಹುಡುಗ ಬಾಳ ದಪ್ಪ ಅಂತ ಹೊಳ್ಳಿ ಹೋಗಿದ್ದರು. ಈಗ ನೋಡ್ರಿ, ಅಗದಿ ಚಲೋ ಆಗ್ಯಾನ."

ಕಾಶಿನಾಥ ಕಟ್ಟೆಯ ಮೇಲೆ ಕುಳಿತಿದ್ದ. ನಿಜವೇ, ಕೆನ್ನೆ ಇಳಿದಿದ್ದವು, ಅಂಗಿ ಸಡಿಲವಾಗಿತ್ತು. ಅಪ್ಪ ಹೋದ ದುಃಖ ಎಂದು ಎಲ್ಲರೂ ತಿಳಿದಿದ್ದರು. ಅವನು ತಂಬಿಗೆ ಎತ್ತಿ ಗಟಗಟ ನೀರು ಕುಡಿದ, ಕೆಳಗಿಟ್ಟ, ಮತ್ತೆ ತುಂಬಿಸಿಕೊಂಡು ಬರಲು ಒಳಗೆ ಹೋದ.

"ದೊಡ್ಡಪ್ಪಾ, ಅವ್ವ ಹೇಳೂದು ಖರೇ ಐತಿ. ಸುಮ್ಮನ ಇರೂಣು," ಅಂದ ಹೋಗುತ್ತ.

ಶಂಕ್ರಪ್ಪ ಸುಮ್ಮನಿರಲಿಲ್ಲ. ಆ ಮೈಕಿನ ಮಾತು ಅವನ ಎದೆಗೆ ನಾಟಿತ್ತು. ತಾನು ಲಿಂಗದ ಮುಂದೆ ಕೇಳುತ್ತಿದ್ದ ಪ್ರಶ್ನೆಯನ್ನೇ ಅವರೂ ಕೇಳುತ್ತಿದ್ದಾರೆ ಎಂದು ಅವನಿಗೆ ಅನಿಸಿತು. ಹನಮಪ್ಪನನ್ನು ಕರೆದುಕೊಂಡು ಊರಿನ ಆರೋಗ್ಯ ಉಪಕೇಂದ್ರಕ್ಕೆ ಹೋದ. ಅಲ್ಲಿ ಮಹಾಲಕ್ಷ್ಮಿ ಇರುತ್ತಾಳೆ. ಕುಂದಗೋಳ ಕಡೆಯ ಹುಡುಗಿ; ಊರವರಿಗೆಲ್ಲ ಸಿಸ್ಟರ್. ಈ ಅಧ್ಯಯನದವರಿಗೆ ಅವಳೇ ಊರಿನ ಕಡೆಯಿಂದ ನೆರವು.

"ತಂಗಿ, ನನ್ನ ರಕ್ತ ಎಷ್ಟ ಬೇಕ ಅಷ್ಟ ತಗೋ," ಅಂದ ಶಂಕ್ರಪ್ಪ ನಿಂತುಕೊಂಡೇ. "ನನ್ನ ತಮ್ಮ ಯಾಕ ಹೋದ, ಅಷ್ಟ ಹೇಳು. ಒಂದ ತಾಯಿ ಹೊಟ್ಟ್ಯಾಗ ಬಂದವರು ನಾವು. ನನ್ನ ರಕ್ತದಾಗ ಇದ್ದದ್ದು ಅವನ ರಕ್ತದಾಗೂ ಇದ್ದೀತು."

ಮಹಾಲಕ್ಷ್ಮಿ ಕುರ್ಚಿ ಮುಂದೆ ಸರಿಸಿದಳು. "ಕುಂದರ್ರಿ ಕಾಕಾರ. ಸುಳ್ಳ ಹೇಳಿ ನಿಮ್ಮ ಕಡೆ ರಕ್ತ ತಗೊಳ್ಳಾಕ ನನಗ ಮನಸ್ಸಿಲ್ಲ. ನೀವು ಕೇಳೂ ಉತ್ತರ ಇದರಿಂದ ನಿಮಗ ಸಿಗೂದಿಲ್ಲ."

"ಮತ್ಯಾಕ ಊರತುಂಬ ಒದರಾಕತ್ತೀರಿ?" ಅಂದ ಹನಮಪ್ಪ.

"ಹೇಳ್ತೇನ್ರಿ. ನಮ್ಮ ಮೈಯೊಳಗ ಕಾವಲಿನವರು ಅದಾರ ಅಂತ ತಿಳೀರಿ. ಜ್ವರ, ನಂಜು, ಕ್ರಿಮಿ ಒಳಗ ಬಂದ್ರ ಹಿಡದು ಹೊರಗ ಹಾಕೂದು ಅವರ ಕೆಲಸ. ಅವರು ಹೆಂಗ ಕೆಲಸ ಮಾಡ್ತಾರ ಅನ್ನೂದು ಸ್ವಲ್ಪ ಮಟ್ಟಿಗೆ ತಂದಿ ತಾಯಿಯಿಂದ ಬಂದಿರ್ತೈತಿ. ಹಂಗ ಬರೂದಕ್ಕ ಜೀನ್ ಅಂತಾರ. ಕಾವಲಿನ ಜೀನು ನಿಮಗ ಇದ್ದಂಗ ಇವರಿಗೆ ಇರೂದಿಲ್ಲ, ಇವರಿಗೆ ಇದ್ದಂಗ ನನಗ ಇರೂದಿಲ್ಲ."

"ಕಾವಲಿನವರಿಗೂ ಇವನ ಹೊಟ್ಟಿಗೂ ಏನ ಸಂಬಂಧವಾ?" ಹನಮಪ್ಪ ಗೆಳೆಯನ ಹೊಟ್ಟೆಯ ಕಡೆ ಬೆರಳು ಮಾಡಿದ.

"ಅದನ್ನ ಹುಡುಕಾಕ ಹತ್ಯಾರ ಕಾಕಾರ. ಬ್ಯಾರೆ ದೇಶದಾಗ ಲಕ್ಷಗಟ್ಟಲೆ ಮಂದೀನ ಕೂಡಿಸಿ ನೋಡಿದಾಗ, ಕಾವಲಿನ ಕೆಲವು ಜೀನಿಗೂ ಮೈ ತೂಕಕ್ಕೂ ಸಣ್ಣ ನಂಟು ಕಂಡೈತಿ. ಕಾವಲು ಹಂಗಿದ್ದದ್ದಕ್ಕ ತೂಕ ಏರತೈತೋ, ತೂಕ ಏರಿದ್ದಕ್ಕ ಕಾವಲಿನವರು ಸುಮ್ಮ ಸುಮ್ಮನ ಸಿಟ್ಟಿಗೇಳ್ತಾರೋ, ಎರಡೂ ಕೂಡೇ ನಡೀತೈತೋ, ಅದು ಇನ್ನೂ ಪೂರಾ ಬಗೀಹರದಿಲ್ಲ. ನಮ್ಮ ಕಡೆ ಮಂದೀನ ಅಷ್ಟ ನೋಡಿಯೂ ಇಲ್ಲ."

"ನಿನಗ ತಿಳದೈತೇನು?"

ಮಹಾಲಕ್ಷ್ಮಿ ನಕ್ಕಳು. "ಅರ್ಧ ತಿಳದೈತ್ರಿ. ಉಳಿದರ್ಧ ನನಗ ಹೇಳಿಕೊಟ್ಟವರಿಗೂ ತಿಳಿದಂಗ ಕಾಣಲಿಲ್ಲ."

ಶಂಕ್ರಪ್ಪನ ಮುಖ ಬಾಡಿತು. "ಲಕ್ಷ ಮಂದಿದು ತಿಳೀತೈತಿ, ನನ್ನ ಒಬ್ಬ ತಮ್ಮಂದು ತಿಳೀದಿಲ್ಲ. ಇದ್ಯಾವ ಲೆಕ್ಕವಾ?"

ಇದಕ್ಕೆ ಉತ್ತರ ಕೊಟ್ಟವನು ಹನಮಪ್ಪ. ಸ್ವಲ್ಪ ಹೊತ್ತು ಗದ್ದ ತುರಿಸಿಕೊಂಡು, "ಅಲ್ಲೋ ಶಂಕ್ರಪ್ಪಾ, ನಾ ಬಸ್ಸಿನಾಗ ಇಡೀ ಆಯುಷ್ಯ ಕಳದೇನಿ," ಅಂದ. "ಒಬ್ಬ ಪ್ಯಾಸಿಂಜರ್ ಹತ್ತಿದ್ರ, ಅವನ ಮಾರಿ ನೋಡಿ ಇವ ಎಲ್ಲಿ ಇಳೀತಾನ ಅಂತ ಹೇಳಾಕ ನನಗ ಒಂದ ದಿನಾನೂ ಬರಲಿಲ್ಲ. ಆದ್ರ ಸಂತಿ ದಿನ ಕಲಘಟಗಿಗೆ ಬಸ್ ತುಂಬತೈತಿ, ಅಮಾಸಿ ದಿನ ಯಾವ ಕಡೆ ಗದ್ಲ ಇರ್ತೈತಿ, ಅದನ್ನ ನಿದ್ದ್ಯಾಗ ಎಬ್ಬಿಸಿ ಕೇಳಿದ್ರೂ ಹೇಳ್ತಿದ್ದೆ. ಮಂದಿ ನೋಡಿದಾಗ ಕಾಣೂದು ಬ್ಯಾರೆ, ಒಬ್ಬನ್ನ ನೋಡಿದಾಗ ಕಾಣೂದು ಬ್ಯಾರೆ. ಹಂಗೇನವಾ?"

"ಹಂಗ್ರಿ," ಅಂದಳು ಮಹಾಲಕ್ಷ್ಮಿ. "ನನಗಿಂತ ಚಲೋ ಹೇಳಿದ್ರಿ."

"ಹಂಗಾದ್ರ ಅವನ ಊಟದ ತಪ್ಪೋ, ನಮ್ಮ ಅಜ್ಜನಿಂದ ಬಂದದ್ದೋ?" ಶಂಕ್ರಪ್ಪ ಬಿಡಲಿಲ್ಲ.

"ಒಬ್ಬ ಮನುಷ್ಯಾನ ಮೈಯಾಗ ಹುಟ್ಟು, ಊಟ, ನಿದ್ದಿ, ದುಡಿಮಿ, ಚಿಂತಿ ಎಲ್ಲಾ ಕೂಡೇ ಕೆಲಸ ಮಾಡ್ತಾವ ಕಾಕಾರ. ಬಿಡಿಸಿ ಇಂಥಾದ್ದ ಅಂತ ಹೇಳಾಕ ಬರೂದಿಲ್ಲ. ಹುಟ್ಟಿನಾಗ ಐತಿ ಅಂತ ಕೈ ಚೆಲ್ಲಿ ಕುಂದರೂದೂ ತಪ್ಪು. ತಿಂದ ದಪ್ಪಾಗ್ಯಾನ ಅಂತ ನಗೂದೂ ತಪ್ಪು."

ಹನಮಪ್ಪ ತನ್ನ ಕೈಯಲ್ಲಿದ್ದ ವಸ್ತ್ರವನ್ನು ಮಡಚತೊಡಗಿದ.

ಮಹಾಲಕ್ಷ್ಮಿ ಕೇಳಿದಳು, "ಒಂದ ಮಾತ ಹೇಳ್ರಿ. ನಿಮ್ಮ ತಮ್ಮಾರು ಹೋಗೂದಕ್ಕಿಂತ ಮೊದಲ ಸಣ್ಣಾಗಿದ್ದರಂತ. ಬೇಕಂತ ಏನರ ಮಾಡಿದ್ದರೇನು? ನಡಿಯೂದು, ಊಟ ಬದಲ ಮಾಡೂದು?"

"ಊಟ ಮೊದಲಿಂದ ಬಿಡತಿದ್ದ. ಆಗ ಏನೂ ಇಳೀಲಿಲ್ಲ. ಕಡೀಕ ಕಡೀಕ ಹಸಿವಿ ತಡಿಯಾಕ ಆಗವಲ್ದು ಅಂತ ಚಲೋ ಉಣತಿದ್ದ. ಆಗ ಇಳದ."

"ಬಾಯಾರಿಕಿ?"

"ಬಾಳ. ತಂಬಿಗಿ ಬಾಜೂಕ ಇರಬೇಕಿತ್ತು. ಕುಡದು ಇಡತಿದ್ದ, ಮತ್ತ ತುಂಬಿಸ್ಕೊಂಡ…"

ಶಂಕ್ರಪ್ಪನ ಮಾತು ಅಲ್ಲಿಗೇ ನಿಂತಿತು. ಬೆಳಗ್ಗೆ ಅಂಗಳದಲ್ಲಿ ಕಾಶಿನಾಥ ತಂಬಿಗೆ ಎತ್ತಿದ್ದು ಕಣ್ಣ ಮುಂದೆ ಬಂತು.

"ತಂಗಿ, ಸಣ್ಣಾಗೂದು ಚಲೋ ಅಲ್ಲೇನು?"

"ನಡದು, ದುಡದು, ಊಟ ಹಿಡತದಾಗ ಇಟ್ಟು ಸಾವಕಾಶ ಇಳದ್ರ ಚಲೋರಿ. ಏನೂ ಮಾಡದ, ಉಂಡರೂ ಇಳಿಯಾಕತ್ತಿದ್ರ ಅದು ಚಲೋ ಅಲ್ಲ. ಸಕ್ಕರಿ ಇರಬಹುದು, ಕ್ಷಯ ಇರಬಹುದು, ಬ್ಯಾರೆ ಏನರ ಇರಬಹುದು. ಸಕ್ಕರಿ ಏರಿದ್ರ ಆ ಕಾವಲಿನವರೂ ಸೋಲ್ತಾರ, ಸಣ್ಣ ಗಾಯದಾಗೂ ನಂಜು ಏರತೈತಿ. ಮನ್ಯಾಗ ಯಾರರ ಹಂಗದಾರೇನು?"

"ಅದಾನ," ಅಂದ ಶಂಕ್ರಪ್ಪ.

"ಕರಕೊಂಡ ಬರ್ರಿ. ಮತ್ತ ಒಂದ ತಿಳಕೊಳ್ರಿ. ಬೆರಳ ಚುಚ್ಚಿ ನೋಡೂ ಹನಿ ಅವರ ಸಲುವಾಗಿ, ಅದರ ಉತ್ತರ ಕೂತಲ್ಲೇ ಬರತೈತಿ. ಅಧ್ಯಯನಕ್ಕ ಕೊಡೂ ರಕ್ತ ಎಲ್ಲಾರ ಸಲುವಾಗಿ, ಅದರ ಉತ್ತರ ಯಾವಾಗ ಬರತೈತೋ ಗೊತ್ತಿಲ್ಲ. ಎರಡನ್ನೂ ಕಲಸಬ್ಯಾಡ್ರಿ. ಅದನ್ನ ಕೊಡದಿದ್ರೂ ನಡೀತೈತಿ. ಇದನ್ನ ಬಿಡಬ್ಯಾಡ್ರಿ."

ಮನೆಗೆ ಬಂದಾಗ ಮಲ್ಲಕ್ಕ ರೊಟ್ಟಿ ಬಡಿಯುತ್ತಿದ್ದಳು. ಶಂಕ್ರಪ್ಪ ಹೊಸ್ತಿಲ ಮೇಲೆ ಕುಳಿತು ವಿಷಯ ಹೇಳಿದ. ಅವಳು ಕೈ ನಿಲ್ಲಿಸಲಿಲ್ಲ.

"ಐತವಾರ ಆಗಲ್ರಿ. ಬೀಗರಾಗೋರು ನೋಡಿ ಹೋಗಲಿ, ಆಮ್ಯಾಲ ಬೇಕಾದ್ದ ಮಾಡಸ್ರಿ."

"ಅಷ್ಟ ದಿನ ಯಾಕ ಕಾಯಬೇಕು?"

"ಈಗ ಏನರ ಬಂತು ಅಂದ್ರ ಊರತುಂಬ ಆಗತೈತ್ರಿ. ತಂದಿಗೆ ಇತ್ತು, ಮಗನಿಗೂ ಐತಿ ಅಂತಾರ. ನನ್ನ ಮಗ ಹೆಂಗ ಕಾಣಾಕತ್ತಾನ, ನೀವ ನೋಡ್ರಿ. ಅವರಪ್ಪ ಆಯುಷ್ಯಪೂರ್ತಿ ಹಿಂಗ ಆಗಬೇಕಂತ ಬೇಡಿಕೊಂಡರು."

ಕುಣಿಯ ಹತ್ತಿರ ಕಂಡದ್ದನ್ನು ಶಂಕ್ರಪ್ಪ ಯಾರಿಗೂ ಹೇಳಿರಲಿಲ್ಲ. ಅವರ ಮನೆತನದಲ್ಲಿ ಹೆಣ್ಣುಮಕ್ಕಳು ರುದ್ರಭೂಮಿಗೆ ಬರುವುದಿಲ್ಲ, ಮಲ್ಲಕ್ಕ ಕಂಡಿರಲಿಲ್ಲ.

"ಮಲ್ಲಕ್ಕಾ, ಗುಡದಪ್ಪ ಅವನ ಮೈ ನೆನಸಿಕೊಂಡ ಕುಣಿ ತಗದಿದ್ದ. ಅವ ಒಳಗ ಕುಂತ ಮ್ಯಾಲ ಆ ಕಡೆ ಈ ಕಡೆ ಬಯಲ ಉಳೀತವಾ. ಪತ್ರಿ ತುಂಬಿದಿವಿ, ವಿಭೂತಿ ತುಂಬಿದಿವಿ. ಸಾಲಲಿಲ್ಲ. ಅಷ್ಟ ಸಣ್ಣಾಗಿದ್ದ ನನ್ನ ತಮ್ಮ. ನಾವು ಅದನ್ನ ನೋಡಿ ಹುಗ್ಗಿ ಮಾಡಿ ಉಂಡಿವಿ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀದು ವಾಸನೆ ಬಂದರೂ ಮಲ್ಲಕ್ಕ ತೆಗೆಯಲಿಲ್ಲ.

"ಅವರಿಗೂ ಹಿಂಗ ನೀರ ತುಂಬಿ ತುಂಬಿ ಇಡತಿದ್ದೆ ನಾ," ಅಂದಳು ಕಡೆಗೆ, ತನ್ನಷ್ಟಕ್ಕೇ. ಆಮೇಲೆ ಎದ್ದು ಕೈ ತೊಳೆದುಕೊಂಡು ಬಾಗಿಲಿಗೆ ಬಂದು ಕೂಗಿದಳು. "ಕಾಶೀ, ಅಂಗಿ ಹಾಕ್ಕೊಂಡ ಬಾ. ದೊಡ್ಡಪ್ಪನ ಕೂಡ ಹೋಗು."

"ಅವ್ವಾ, ನಾ ಗಟ್ಟಿ ಅದೇನಿ. ಐತವಾರದ ಮುಂದ ಇದೆಲ್ಲಾ ಯಾಕ?"

"ಗಟ್ಟಿ ಇದ್ದರ ಅಲ್ಲೇ ಹೇಳ್ತಾರ. ನಡೀ ಅಂದ್ರ ನಡೀ."

ಉಪಕೇಂದ್ರದಲ್ಲಿ ಸಣ್ಣ ಯಂತ್ರದ ಮೇಲೆ ಅಂಕಿ ಬಂತು. ಅದನ್ನು ನೋಡಿ ಮಹಾಲಕ್ಷ್ಮಿ ಇನ್ನೊಂದು ಬೆರಳು ಹಿಡಿದು ಮತ್ತೊಮ್ಮೆ ನೋಡಿದಳು. ಆಮೇಲೆ ಕಾಶಿನಾಥನ ಚಪ್ಪಲಿ ಬಿಡಿಸಿ ಎರಡೂ ಪಾದ, ಬೆರಳಿನ ಸಂದಿ ಎಲ್ಲ ನೋಡಿದಳು. ಹಿಮ್ಮಡಿಯಲ್ಲಿ ಒಂದು ಗೀರು ಇತ್ತು. ಅದನ್ನು ತೊಳೆದು ಕಟ್ಟಿ, "ಸಕ್ಕರಿ ಬಾಳ ಏರೈತ್ರಿ. ಇವತ್ತ ಕಲಘಟಗಿ ದವಾಖಾನಿಗೆ ಹೋಗೂಣು, ನಾಳಿ ಅನಬ್ಯಾಡ್ರಿ," ಅಂದಳು.

ಕಲಘಟಗಿಯಲ್ಲಿ ವೈದ್ಯರು ಕಾಶಿನಾಥನನ್ನು ದಾಖಲು ಮಾಡಿಕೊಂಡರು. ಇನ್ನಷ್ಟು ತಡ ಮಾಡಿದ್ದರೆ ಪ್ರಾಣಕ್ಕೆ ಬರುತ್ತಿತ್ತು ಎಂದರು. ಇಂಜೆಕ್ಷನ್ನು, ಗುಳಿಗೆ ಶುರುವಾದವು. ಚೇತರಿಸಿಕೊಂಡು ಮನೆಗೆ ಬಂದ ಮೇಲೆ ಅವನ ಬಾಯಾರಿಕೆ ನಿಂತಿತು, ರಾತ್ರಿ ಮೂತ್ರಕ್ಕೆ ಮೇಲಿಂದ ಮೇಲೆ ಏಳುವುದು ನಿಂತಿತು, ಮತ್ತು ತೂಕ ಸ್ವಲ್ಪ ಏರಿತು. ಮಲ್ಲಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಇಳದ್ರ ರೋಗ ಅಂತೀರಿ, ಏರಿದ್ರ ಗುಣ ಅಂತೀರಿ. ಹೋದ ವರ್ಷ ಏರಿದ್ದ ರೋಗ ಅಂತಿದ್ದಿರಿ. ನಾ ಏನ ತಿಳಕೊಳ್ಳಲವಾ?" ಎಂದು ಅವಳು ಮಹಾಲಕ್ಷ್ಮಿಯನ್ನು ಕೇಳಿದಳು.

"ತೂಕ ಒಂದನ್ನ ನೋಡಿ ಏನೂ ತಿಳಕೋಬ್ಯಾಡ್ರಿ ಅತ್ತಿ. ಸಕ್ಕರಿ ಹಿಡತಕ್ಕ ಬರಲಿ. ಆಮ್ಯಾಲ ನಡಿಯೂದು, ಊಟ ನೋಡಿ ಮಾಡೂದು, ಅದನ್ನ ಸಾವಕಾಶ ಮಾಡೂಣು."

ಮಿಶ್ರಿಕೋಟಿಯವರು ಒಂದು ವಾರ ತಡವಾಗಿ ಬಂದರು. ಮಲ್ಲಕ್ಕ ಚಹಾ ಕೊಡುವಾಗ ಮಗನ ಕಡೆ ಕಣ್ಣು ಮಾಡಿದಳು. ಏನೂ ಹೇಳಬೇಡ ಎನ್ನುವ ಕಣ್ಣು. ಕಾಶಿನಾಥ ಲೋಟ ಕೆಳಗಿಟ್ಟು, "ನನಗ ಸಕ್ಕರಿ ಐತ್ರಿ. ಔಷಧ ನಡದೈತಿ," ಎಂದುಬಿಟ್ಟ. ಹುಡುಗಿಯ ತಂದೆ ಬಹಳ ಹೊತ್ತು ಅವನನ್ನು ನೋಡಿದರು. ಯಾವಾಗ ಗೊತ್ತಾಯಿತು, ಹೇಗೆ ಗೊತ್ತಾಯಿತು ಎಂದು ಕೇಳಿದರು. ವಿಚಾರ ಮಾಡಿ ಹೇಳುತ್ತೇವೆ ಎಂದು ಎದ್ದರು. ಇನ್ನೂ ಹೇಳಿಲ್ಲ. ಮಲ್ಲಕ್ಕ ಅದರ ಬಗ್ಗೆ ಮಗನನ್ನು ಬೈದಿಲ್ಲ.

ಅಧ್ಯಯನದವರು ಪಂಚಾಯತಿ ಕಟ್ಟಡದಲ್ಲಿ ಕುಳಿತ ದಿನ ಶಂಕ್ರಪ್ಪ ಹನಮಪ್ಪನ ಜೊತೆ ಹೋದ. ಮಲ್ಲಕ್ಕನ ಅನುಮಾನವನ್ನು ಅವನು ಅಲ್ಲೇ ನೇರವಾಗಿ ಕೇಳಿದ. ರಕ್ತದ ಸೀಸೆಯ ಮೇಲೆ ಹೆಸರು ಇರುವುದಿಲ್ಲ, ಸಂಖ್ಯೆ ಇರುತ್ತದೆ. ಯಾವ ಮನೆಯ ರಕ್ತ ಹೇಗಿದೆ ಎಂದು ಊರಿಗೆ ಹೇಳುವುದಿಲ್ಲ. ಬೇಡ ಅನಿಸಿದರೆ ಕೊಟ್ಟ ಮೇಲೂ ಬೇಡ ಎನ್ನಬಹುದು ಎಂದು ಅವರು ಕನ್ನಡದಲ್ಲಿ ಓದಿ ಹೇಳಿದರು. ತಿಳಿಯದ್ದನ್ನು ಶಂಕ್ರಪ್ಪ ಎರಡು ಸಲ ಓದಿಸಿದ.

ಮೊದಲು ಹನಮಪ್ಪ ತೂಕದ ಯಂತ್ರ ಹತ್ತಿದ. "ಚಪ್ಪಲಿ ಹಾಕ್ಕೊಂಡ ಹತ್ತಲೇನ್ರಿ? ಒಂದೀಟ ಮರ್ಯಾದಿ ಉಳೀತೈತಿ," ಅಂದ. ಅಲ್ಲಿದ್ದವರೆಲ್ಲ ನಕ್ಕರು. ಶಂಕ್ರಪ್ಪ ಹತ್ತಿದಾಗ ಯಾರೋ ಹಿಂದಿನಿಂದ, "ಯಂತ್ರ ಮುರದೀತೋ," ಅಂದರು. ಹನಮಪ್ಪ ತಿರುಗಿ ನೋಡಿದ. "ಸುಮ್ಮ ನಿಂದರಲೇ. ಆ ಮಾತ ನಾ ಬಸ್ಸಿನಾಗ ಬಾಳ ಆಡೇನಿ. ಸಾಕು," ಅಂದ.

ರಕ್ತ ತೆಗೆಯುವಾಗ ಶಂಕ್ರಪ್ಪ ಮಹಾಲಕ್ಷ್ಮಿಯನ್ನು ಕೇಳಿದ. "ಇದರ ಉತ್ತರ ಯಾವಾಗ ಬರತೈತಿ?"

"ವರ್ಷಗಟ್ಟಲೆ ಹಿಡದೀತ್ರಿ."

"ಅಷ್ಟೊತ್ತಿಗೆ ನಾ ಇರೂದಿಲ್ಲ."

"ಇರ್ತೀರಿ ಬಿಡ್ರಿ. ಇಲ್ಲಂದ್ರ ಕಾಶಿನಾಥನ ಮಕ್ಕಳು ಇರ್ತಾರ."

ಶಂಕ್ರಪ್ಪನ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. ತಮ್ಮನ ಮೈ ಹಾಗೇಕಿತ್ತು, ಒಂದೇ ರಕ್ತದ ಇಬ್ಬರಲ್ಲಿ ಒಬ್ಬ ಹೋಗಿ ಒಬ್ಬ ಏಕೆ ಉಳಿದ, ಅವನಿಗೆ ತಿಳಿಯದು; ಹೇಳಬಲ್ಲವರೂ ಸಿಕ್ಕಿಲ್ಲ. ಆದರೆ ಬೆಳಗ್ಗೆ ಅಂಗಳದಲ್ಲಿ ಕಾಶಿನಾಥ ಗುಳಿಗೆ ನುಂಗಿ, ಪಾದ ನೋಡಿಕೊಂಡು, ಚಪ್ಪಲಿ ಹಾಕಿಕೊಂಡು ಹೊಲಕ್ಕೆ ಹೊರಡುತ್ತಾನೆ. ಅದನ್ನು ನೋಡಿದ ಮೇಲೆ ಶಂಕ್ರಪ್ಪ ಪೂಜೆಗೆ ಕೂಡುತ್ತಾನೆ. ಈಗ ದೃಷ್ಟಿ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ದೊಡ್ಡ ಮೈಯವರು ಇರಬಹುದು, ಒಣ ಮೈಯವರು ಇರಬಹುದು. ಅವರ ಮೈ ನೋಡಿ ನಗಬೇಡಿರಿ. ಅದರಲ್ಲಿ ಅವರದು ಎಷ್ಟು, ಹುಟ್ಟಿನದು ಎಷ್ಟು ಎಂದು ಬಲ್ಲವರಿಗೇ ಇನ್ನೂ ಪೂರ್ತಿ ತಿಳಿದಿಲ್ಲ. ಯಾರಾದರೂ ಕಾರಣವಿಲ್ಲದೆ ಸೊರಗುತ್ತಿದ್ದರೆ, ಮೇಲಿಂದ ಮೇಲೆ ನೀರು ಬೇಡುತ್ತಿದ್ದರೆ, ಗಾಯ ಮಾಯದೆ ಉಳಿದರೆ, ಅದನ್ನು ದೇವರ ಕೃಪೆ ಎಂದು ಹಿಗ್ಗಬೇಡಿರಿ, ಮದುವೆ ಮುಗಿಯಲಿ ಎಂದು ಮುಚ್ಚಿಡಬೇಡಿರಿ. ಕೈ ಹಿಡಿದು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿರಿ. ಮೂವತ್ತು ದಾಟಿದವರು ಏನೂ ತೊಂದರೆ ಇಲ್ಲದಿದ್ದರೂ ಸಕ್ಕರೆ ನೋಡಿಸಿಕೊಳ್ಳಿರಿ. ಮುಂದೆ ಎಂದಾದರೂ ನಿಮ್ಮ ಊರಿಗೂ ಇಂಥ ಅಧ್ಯಯನದವರು ಬಂದರೆ, ಅಂಜಬೇಡಿರಿ, ಕಣ್ಣು ಮುಚ್ಚಿ ಒಪ್ಪಲೂ ಬೇಡಿರಿ. ಎಲ್ಲವನ್ನೂ ಕೇಳಿರಿ, ಓದಿಸಿರಿ, ಮನಸ್ಸು ಒಪ್ಪಿದರೆ ಕೊಡಿರಿ. ನಿಮ್ಮ ಪ್ರಶ್ನೆಗೆ ಅಲ್ಲದಿದ್ದರೂ ನಿಮ್ಮ ನಂತರ ಬರುವವರ ಪ್ರಶ್ನೆಗೆ ಅದು ಉತ್ತರವಾದೀತು.

ಶಿವನೇ, ಜಗದ ತಂದೆಯೇ, ಈರಬಸಪ್ಪನ ಜೀವ ಈಗ ನಿನ್ನ ಬಳಿ ಇದೆ. ಇದ್ದಷ್ಟು ದಿನ ಅವನು ತನ್ನ ಮೈಯನ್ನು ತಾನೇ ಬೈದುಕೊಂಡು ಬದುಕಿದ, ನಮ್ಮ ಮಾತಿಗೆ ನಕ್ಕು ಒಳಗೊಳಗೆ ನೊಂದ. ಇನ್ನು ಅವನಿಗೆ ಹಸಿವು, ಬಾಯಾರಿಕೆ, ನಾಚಿಕೆ ಯಾವುದೂ ಬೇಡ. ನಮಗೆ ತಿಳಿಯದೆ ಹೋದದ್ದೆಲ್ಲ ನಿನಗೆ ತಿಳಿದಿದೆ. ಅವನನ್ನು ನಿನ್ನ ಬೆಳಕಿನಲ್ಲಿ ಬೆರೆಸಿಕೋ, ಅವನ ಆತ್ಮಕ್ಕೆ ಶಾಂತಿ ಕೊಡು.